ಹಸಿ ಅಡಿಕೆಯೂ ಗ್ರೀಸಿನ ಮುಷ್ಕರವೂ

ಚನ್ನಗಿರಿ ಸೀಮೆಯಲ್ಲಿ ಕೊನೆ ಕೊಯ್ಲು ಶುರುವಾಯಿತೆಂದರೆ ಬೇರೆ ಮಾತಿಗೆ ಜಾಗವಿಲ್ಲ. ರಾಶಿ ಇಡಿ ಎಷ್ಟಕ್ಕೆ ಹೋಯಿತು, ತುಮ್ಕೋಸ್‌ನಲ್ಲಿ ಏನು ರೇಟು, ಭೀಮಸಮುದ್ರದವರು ಏನಂತಾರೆ, ಚೇಣಿ ಹಿಡಿದವನು ಉಳಿದನೋ ಮುಳುಗಿದನೋ. ಯಾರ ಮನೆಗೆ ಹೋದರೂ ಕಾಫಿಗಿಂತ ಮೊದಲು ರೇಟು ಬರುತ್ತದೆ. ಇಂಥ ಕಡೆ ಜಗುಲಿಯ ಮೇಲೆ ಕೂತು ಯುರೋಪಿನ ಕಾರ್ಮಿಕ ಸಂಘಗಳ ವಿಷಯ ತೆಗೆಯುವವನನ್ನು ಏನೆನ್ನಬೇಕು? ಅನ್ನುವುದನ್ನು ಆಮೇಲೆ ಅನ್ನಿ, ಈಗ ಸ್ವಲ್ಪ ಕೇಳಿಸಿಕೊಳ್ಳಿ.

2010ರ ಹೊತ್ತಿಗೆ ಗ್ರೀಸ್ ದೇಶ ಸಾಲದಲ್ಲಿ ಕುತ್ತಿಗೆವರೆಗೆ ಮುಳುಗಿತ್ತಲ್ಲ. ಕೈಹಿಡಿದು ಎತ್ತಲು ಬಂದವರು ಮೂವರು: ಯುರೋಪಿಯನ್ ಕಮಿಷನ್, ಯುರೋಪಿನ ಕೇಂದ್ರ ಬ್ಯಾಂಕು, ಐಎಂಎಫ್. ಎತ್ತುವ ಮೊದಲು ಷರತ್ತು ಹಾಕಿದರು. ಷರತ್ತಿಲ್ಲದೆ ಸಾಲ ಕೊಡುವವರು ನಮ್ಮ ಹೊನ್ನಾಳಿ ಸಂತೆಯಲ್ಲಾದರೂ ಇದ್ದಾರೆಯೇ? 2012ರ ಫೆಬ್ರವರಿಯಲ್ಲಿ, ತಿಂಗಳಿಗೆ 751 ಯೂರೋ ಇದ್ದ ಕನಿಷ್ಠ ವೇತನ ಒಂದೇ ಏಟಿಗೆ 586ಕ್ಕೆ ಇಳಿಯಿತು. ಇಪ್ಪತ್ತೈದು ತುಂಬದ ಹುಡುಗರಿಗೆ 511. ಆ 751 ಸರ್ಕಾರ ದಾನ ಕೊಟ್ಟದ್ದಲ್ಲ. ಸಂಘದವರೂ ಮಾಲೀಕರೂ ಎದುರುಬದುರು ಕೂತು, ಜಗಳವಾಡಿ, ರುಜು ಹಾಕಿದ್ದು. ಆ ರುಜುವಿನ ಮೇಲೆ ಮೂರನೆಯವರು ಗೀಟು ಎಳೆದರು.

ಗ್ರೀಕರು ಸುಮ್ಮನಿರಲಿಲ್ಲ. ಮುಷ್ಕರದ ಮೇಲೆ ಮುಷ್ಕರ. ಹಡಗು ನಿಂತವು, ರೈಲು ನಿಂತವು. ಪತ್ರಕರ್ತರ ಸಂಘವೂ ಮುಷ್ಕರ ಹೂಡಿತು. ಹೀಗಾಗಿ ದೇಶವೆಲ್ಲ ಬಂದ್ ಆದ ಸುದ್ದಿಯನ್ನು ಆ ದೇಶದವರಿಗೇ ಹೇಳುವವರಿಲ್ಲ! ನಮ್ಮಲ್ಲಿ ಬಂದ್ ಅಂದರೆ ಟಿವಿಯವರಿಗೆ ಹಬ್ಬ. ಬಾಗಿಲು ಹಾಕಿದ ಅಂಗಡಿಯನ್ನೇ ಬೆಳಗಿನಿಂದ ಸಂಜೆತನಕ ತೋರಿಸುತ್ತಾರೆ. 2012ರ ನವೆಂಬರ್ 14ರಂದು ಗ್ರೀಸ್ ಜೊತೆಗೆ ಸ್ಪೇನ್, ಪೋರ್ಚುಗಲ್, ಇಟಲಿಗಳಲ್ಲೂ ಒಂದೇ ದಿನ ಕೆಲಸ ನಿಂತಿತು. ಇಷ್ಟಾದರೂ ವೇತನ ಮೇಲೇರಿತೇ? ಆಗ ಏರಲಿಲ್ಲ. ಯಾಕೆ ಅನ್ನುವುದಕ್ಕೆ ನನ್ನದೊಂದು ಸಿದ್ಧಾಂತವಿದೆ. ಅದಕ್ಕೆ ಮೊದಲು ದಾವಣಗೆರೆಗೆ ಹೋಗಿಬರೋಣ, ಬಸ್ಸು ಹೇಗೂ ಆ ಕಡೆಗೇ ಹೋಗುತ್ತದೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳ ಕಾಲ ಅದು. ಹೀಗೆ ಕರೆದವರು ಹೊಗೆ ಕೊಳವೆಗಳನ್ನು ಮಾತ್ರ ನೋಡಿದ್ದರೋ ಏನೋ. ಮ್ಯಾಂಚೆಸ್ಟರಿನಲ್ಲಿ ಬಟ್ಟೆಯ ಜೊತೆಗೆ ಸಂಘಗಳೂ ತಯಾರಾಗುತ್ತಿದ್ದವು. ಬ್ರಿಟನ್ನಿನ ಕಾರ್ಮಿಕ ಸಂಘಗಳ ಮಹಾ ಒಕ್ಕೂಟ 1868ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ ಗಿರಣಿಗಳಿಗೆ ಬೀಗ ಬಿತ್ತು, ನೇಕಾರರು ಗಂಜಿ ಕೇಂದ್ರದ ಮುಂದೆ ಸಾಲು ನಿಂತರು. ಹಾಗಿದ್ದೂ 1862ರ ಕೊನೆಯ ದಿನ ಅವರು ಸಭೆ ಸೇರಿ, ನೀನು ಗುಲಾಮಗಿರಿ ತೆಗೆಯುತ್ತಿದ್ದೀಯ, ನಾವು ನಿನ್ನ ಕಡೆ ಅಂತ ಲಿಂಕನ್ನನಿಗೆ ಕಾಗದ ಬರೆದರು. ಲಿಂಕನ್ ಜನವರಿಯಲ್ಲಿ ಉತ್ತರವನ್ನೂ ಬರೆದ. ಇತ್ತ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ. ಗಾಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹಾಕಿಸಿದ ರೈತರಿದ್ದರು ಅನ್ನುತ್ತಾರೆ. ನೋಡಿದವರು ಯಾರೂ ಈಗಿಲ್ಲವಾದ್ದರಿಂದ ನಂಬಲು ಅಡ್ಡಿಯಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಬೆಳ್ಳಿ ಎಲ್ಲಿಗೆ ಹೋಯಿತು ಅಂತ ಕೇಳಬೇಡಿ, ಸಾಹುಕಾರರ ಹೆಸರು ಹೇಳಬೇಕಾಗುತ್ತದೆ.

ಎಲ್ಲಿದ್ದೆವು? ದಾವಣಗೆರೆ. ಅಲ್ಲಿಯ ಗಿರಣಿಗಳಲ್ಲೂ ಸಂಘ ಬೆಳೆಯಿತು, ಕೆಂಬಾವುಟ ಏರಿತು. 1970ರ ಹೋರಾಟದಲ್ಲಿ ಪ್ರಾಣ ಬಿಟ್ಟ ಶೇಖರಪ್ಪ, ಸುರೇಶರ ಹೆಸರನ್ನು ಹಳಬರು ಇವತ್ತಿಗೂ ಒಟ್ಟಿಗೇ ಹೇಳುತ್ತಾರೆ. ಸಿಪಿಐನ ಪಂಪಾಪತಿ 1978, 83, 85 ಹೀಗೆ ಮೂರು ಸಲ ಗೆದ್ದು ವಿಧಾನಸಭೆಗೆ ಹೋದರು. ಅಡಿಕೆ ಮಂಡಿ, ಕಾಳಿನ ಮಂಡಿಗಳ ಊರಿನಲ್ಲಿ ಕಮ್ಯುನಿಸ್ಟ್ ಶಾಸಕ! ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. ಈಗ ಆ ಊರಿಗೆ ಬೆಣ್ಣೆ ದೋಸೆಯ ಊರೆಂಬ ಬಿರುದು. ಮಂಡಕ್ಕಿ–ಮಿರ್ಚಿಗೆ ಅಷ್ಟು ಹೆಸರು ಬಂದದ್ದು ಪಾಳಿ ಮುಗಿಸಿ ಬರುತ್ತಿದ್ದ ಗಿರಣಿಯವರ ಹಸಿವಿನಿಂದಲೇ ಅಂತ ನನ್ನ ಗುಮಾನಿ. ಪುರಾವೆ ಕೇಳಿದರೆ ಇನ್ನೊಂದು ಮಿರ್ಚಿ ತರಿಸುತ್ತೇನೆ.

ಈ ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಜಿಲ್ಲೆ ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, ಲೋಹಿಯಾ ಪಂಥದ ಸಮಾಜವಾದಿ, 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದವರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಎತ್ತಿಕೊಂಡು ಬಂದರು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆ ಮನೆ ಮಾಡಿತು. ಗಿರಣಿಯ ಸೈರನ್ನು ಅಡಗಿದ ಮೇಲೆ ಜಿಲ್ಲೆ ಸೇರಿದ ಈ ತಾಲ್ಲೂಕುಗಳ ದುಡಿಯುವ ಜನಕ್ಕೆ ಮಾಲೀಕ ಯಾರು? ಸಿದ್ಧಾಂತ ಶುರುವಾಗುವುದು ಇಲ್ಲಿ.

ಚನ್ನಗಿರಿಯ ಅಡಿಕೆ ಸುಲಿಯುವ ಹೆಂಗಸರನ್ನು ನೋಡಿ. ಮೆಟ್ಟುಗತ್ತಿಯ ಮುಂದೆ ಕೂತರೆ ಡಬ್ಬದ ಲೆಕ್ಕದಲ್ಲಿ ಕೂಲಿ. ಸಂಘವಿಲ್ಲ, ಬಾವುಟವಿಲ್ಲ, ರಸೀದಿ ಪುಸ್ತಕವಿಲ್ಲ. ಆದರೆ ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ಹಸಿಯಿದ್ದಾಗಲೇ ಸುಲಿದು ಹಂಡೆಗೆ ಹಾಕಿ ಬೇಯಿಸಿ ಚೊಗರು ಕೊಡದಿದ್ದರೆ ಬಣ್ಣ ಹೋಯಿತು. ಬಣ್ಣ ಹೋದರೆ ರಾಶಿ ರೇಟು ಹೋಯಿತು. ಇದು ಅವರಿಗೆ ಗೊತ್ತು. ಒಂದು ರಾತ್ರಿ ಅಂಗಳದಲ್ಲಿ ರಾಶಿ ಬಿದ್ದಿರುವಾಗ ಹಿರಿಯಾಕೆ ಎದ್ದು ಸೊಂಟ ನೀವಿಕೊಂಡು, ‘ಡಬ್ಬಕ್ಕೆ ಇಷ್ಟು ಮಾಡಿದ್ರೆ ಸೈ, ಇಲ್ಲಾಂದ್ರೆ ನಾಳೆ ಮದುವೆ ಐತೆ’ ಅಂದಳು. ಅಷ್ಟೂ ಜನಕ್ಕೆ ಒಂದೇ ಮದುವೆ. ಯಜಮಾನ ಚಹಾ ತರಿಸಿದ, ಚೌಕಾಸಿ ಮಾಡಿದ, ಒಪ್ಪಿದ. ಅರ್ಧ ಗಂಟೆಯಲ್ಲಿ ಮುಗಿದ ಈ ಮುಷ್ಕರ ಯಾವ ಕಾರ್ಮಿಕ ಇಲಾಖೆಯ ಕಡತದಲ್ಲೂ ಇಲ್ಲ.

ಅದೇ ಗುಂಪಿಗೆ ಗ್ರೀಸಿನ ಪುರಾಣ ಹೇಳಿದ್ದುಂಟು. ‘ಅಲ್ಲೂ ಅಡಿಕೆ ಬೆಳೀತಾರಾ?’ ಅಂತ ಕೇಳಿದರು. ಇಲ್ಲ, ಆಲಿವ್ ಅಂತ ಕಾಯಿ, ಹಿಂಡಿ ಎಣ್ಣೆ ತೆಗೆಯುತ್ತಾರೆ ಅಂದೆ. ‘ಕೊಯ್ದಮೇಲೆ ಎಷ್ಟು ದಿನ ತಡೀತದೆ?’ ಒಂದೆರಡು ದಿನ ಅಂದೆ. ‘ಹಂಗಾದ್ರೆ ಅವರು ಸೋತಿದ್ದು ಹ್ಯಾಗೆ?’

ಸೋತದ್ದು ಹೇಗೆಂದರೆ, ಎದುರಿಗೆ ಕೂತವರ ಮಾಲು ಕೆಡುವಂಥದ್ದಾಗಿರಲಿಲ್ಲ. ಸಾಲ ಕೊಟ್ಟವರು ಬ್ರಸೆಲ್ಸ್, ಫ್ರಾಂಕ್‌ಫರ್ಟ್, ವಾಷಿಂಗ್ಟನ್‌ಗಳಲ್ಲಿ ಕೂತು ಕಾಯಬಲ್ಲವರು. ಅಥೆನ್ಸಿನಲ್ಲಿ ಹಡಗು ನಿಂತರೆ ಅವರ ಮನೆಯ ಹಾಲು ಒಡೆಯುವುದಿಲ್ಲ. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರು 1974ರ ಮೇ 8ರಿಂದ ಇಪ್ಪತ್ತು ದಿನ ದೇಶದ ರೈಲು ನಿಲ್ಲಿಸಿದಾಗ ಸರ್ಕಾರಕ್ಕೆ ಬೆವರು ಬಂದದ್ದು ನಿಜ. ಆದರೂ ಸಾವಿರಾರು ಜನರನ್ನು ಜೈಲಿಗೆ ಹಾಕಿ ಮುಷ್ಕರ ಮುರಿದರು. ನನ್ನ ಸಿದ್ಧಾಂತಕ್ಕೆ ಇದು ಸ್ವಲ್ಪ ಅಡ್ಡ ಬರುತ್ತದೆ, ಆದ್ದರಿಂದ ಮುಂದೆ ಹೋಗೋಣ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯ ಸೇವಾಲಾಲ್ ಜಯಂತಿಗೆ ಹೋಗಿದ್ದೀರಾ? ದೇಶದ ಮೂಲೆಮೂಲೆಯ ಬಂಜಾರರು ಅಲ್ಲಿ ಸೇರುತ್ತಾರೆ. ಜಾತ್ರೆ ಮುಗಿದ ಮೇಲೆ ಸುತ್ತಲಿನ ತಾಂಡಾಗಳಿಗೆ ಹೋಗಿ ನೋಡಿ: ಎಷ್ಟೋ ಬಾಗಿಲುಗಳಲ್ಲಿ ಮುದುಕರು ಮಾತ್ರ. ದುಡಿಯುವವರು ಕಬ್ಬು ಕಡಿಯಲು, ಕಾಫಿ ಕೊಯ್ಯಲು ಗುಳೆ ಹೋಗಿರುತ್ತಾರೆ. ಹಣ್ಣಾದ ಕಾಫಿಯೂ ಕಾಯುವುದಿಲ್ಲ, ಕಡಿದ ಕಬ್ಬೂ ಕಾಯುವುದಿಲ್ಲ. ಆದರೆ ಮುಂಗಡ ತೆಗೆದುಕೊಂಡು ಹೋದವನ ಬಾಯಿಗೆ ಬೀಗ. ಸಾಲ ಇದ್ದಲ್ಲಿ ಮುಷ್ಕರ ಕುಂಟುತ್ತದೆ. ಗ್ರೀಸಿನವರನ್ನು ಈ ತಾಂಡಾದವರ ಪಕ್ಕ ಕೂರಿಸಿದರೆ ಮಾತು ಚೆನ್ನಾಗಿ ಕೂಡುತ್ತದೆ ಅನ್ನಿಸುತ್ತದೆ, ಭಾಷೆಯೊಂದು ತೊಡಕು.

ಜಗಳೂರಿನಲ್ಲಿ ಸರ್ಕಾರವೇ ಮಾಲೀಕ. 2006ರಲ್ಲಿ ಉದ್ಯೋಗ ಖಾತ್ರಿ ಮೊದಲು ಬಂದ 200 ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. ನಮೂನೆ 6ರಲ್ಲಿ ಅರ್ಜಿ ಕೊಟ್ಟು ಹದಿನೈದು ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಆ ಕಾಯ್ದೆಯಲ್ಲಿ ಬರೆದಿಟ್ಟರು. ಯುರೋಪಿನವರು ಬೀದಿಗಿಳಿದು ಉಳಿಸಿಕೊಳ್ಳಲು ಒದ್ದಾಡುತ್ತಿದ್ದ ಹಕ್ಕು ಬರಗಾಲದ ಜಗಳೂರಿಗೆ ಕಾಗದದ ಮೇಲೆ ಬಂದಿತ್ತು, ನೋಡಿ. ಅರ್ಜಿಗೆ ಸ್ವೀಕೃತಿ ಕೊಡುವವರು ಸಿಕ್ಕರೆ ಹಕ್ಕು, ಸಿಗದಿದ್ದರೆ ‘ನಾಳೆ ಬಾರಮ್ಮ’. ಕೆರೆಯ ಹೂಳು ಮಾತ್ರ ಎಷ್ಟು ವರ್ಷ ಬೇಕಾದರೂ ಕಾಯುತ್ತದೆ. ಹೂಳು ಎತ್ತುವವರಿಗೆ ಮುಷ್ಕರದ ಬಲ ಎಲ್ಲಿಂದ ಬರಬೇಕು?

ಬಿಸಿಯೂಟದ ಹೆಂಗಸರ ಪಾಡು ಇದಕ್ಕೆ ತಿರುವುಮುರುವು. ಅವರಿಗೆ ಸಂಘವಿದೆ, ಬಾವುಟವಿದೆ, ದಾವಣಗೆರೆಯಲ್ಲಿ ಧರಣಿ ಕೂತು ಅಭ್ಯಾಸವಿದೆ. 2022ರ ಬಜೆಟ್ಟಿನಲ್ಲಿ ತಿಂಗಳಿಗೆ 1,000 ರೂಪಾಯಿ ಏರಿತು, ಕೂತದ್ದು ಪೂರ್ತಿ ವ್ಯರ್ಥವಲ್ಲ. ಅವರ ಕೈಯಲ್ಲಿರುವುದು ಮಧ್ಯಾಹ್ನಕ್ಕೆ ಮೀರಿದರೆ ಕೆಡುವ ಮಾಲು: ಮಕ್ಕಳ ಹಸಿವು. ನನ್ನ ಸಿದ್ಧಾಂತದ ಪ್ರಕಾರ ಅವರಷ್ಟು ಬಲಶಾಲಿಗಳು ಇನ್ನಿಲ್ಲ. ಆದರೆ ಹೊನ್ನಾಳಿ ಕಡೆಯ ಒಂದು ಶಾಲೆಯಲ್ಲಿ ಮುಷ್ಕರದ ದಿನ ಅಡುಗೆಯಾಕೆ ಕತ್ತಲಿರುವಾಗಲೇ ಬಂದು ಒಲೆ ಹೊತ್ತಿಸಿ, ಅನ್ನ–ಸಾಂಬಾರು ಮಾಡಿ ಮುಚ್ಚಿಟ್ಟು, ಸೌಟನ್ನು ಮೇಷ್ಟ್ರ ಕೈಗೆ ಕೊಟ್ಟು, ‘ನಾನು ಇವತ್ತು ಕೆಲಸಕ್ಕೆ ಬಂದಿಲ್ಲ, ಹಾಜರಿ ಹಾಕಬೇಡ್ರಿ’ ಅಂತ ಹೇಳಿ ಎಂಟೂವರೆ ಬಸ್ಸು ಹತ್ತಿದಳಂತೆ. ಮೇಷ್ಟ್ರು ಬಡಿಸಿದರು. ಸಾಂಬಾರು ಮೊದಲ ಪಂಕ್ತಿಗೇ ಖಾಲಿಯಾಯಿತು.