ಈ ಸಲ ಯಾವ ಆಟ?

ಆಟ ನೋಡುವುದಕ್ಕಿಂತ, ಆಡುವುದಕ್ಕಿಂತಲೂ ನನಗೆ ಹೆಚ್ಚು ರುಚಿಸುವುದು ಆಟ ಆರಿಸುವ ಹೊತ್ತು. ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಭತ್ತ ಮನೆ ಸೇರಿ, ಕಾಲುವೆಯ ನೀರು ನಿಂತು, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಗುಡಿಕಟ್ಟೆಯ ಮೇಲೆ ಯಾರೋ ಒಬ್ಬರು ಮಾತು ಎತ್ತುತ್ತಾರೆ: ‘ಈ ಸಲ ಯಾವ ಆಟ ಕಲಿಯೋಣಪ್ಪಾ?’ ಅಲ್ಲಿಂದ ಜಗಳ ಶುರು. ಬಯಲಾಟವೆಂದರೆ ಒಂದು ರಾತ್ರಿಯ ವ್ಯವಹಾರ ಎಂದು ಪೇಟೆಯವರು ತಿಳಿದಿರುತ್ತಾರೆ. ಆ ಒಂದು ರಾತ್ರಿಯ ಹಿಂದೆ ತಿಂಗಳುಗಟ್ಟಲೆ ತಾಲೀಮು. ಹೊಲದಿಂದ ಬಂದು ಉಂಡು ಮಾಸ್ತರರ ಮುಂದೆ ನಿಂತು ಹೆಜ್ಜೆ ಹಾಕಬೇಕು, ಪದ ಒಪ್ಪಿಸಬೇಕು. ಗೆಜ್ಜೆಪೂಜೆ ಆದ ಮೇಲಂತೂ ಹಿಂದೆ ಸರಿಯುವ ಮಾತಿಲ್ಲ. ಅಷ್ಟು ದಿನ ಯಾವ ಲೋಕದಲ್ಲಿ, ಯಾರ ಜೊತೆಗೆ ಇರಬೇಕು ಎಂಬುದು ಕಟ್ಟೆಯ ಮೇಲೆಯೇ ಇತ್ಯರ್ಥವಾಗಬೇಕು.

ಹೊಸಬರು ಮೊದಲು ನೋಡುವುದು ನಾಯಕನ ಪಾತ್ರವನ್ನು. ನಾನು ನೋಡುವುದು ಕಟ್ಟೆಯ ಮೇಲೆ ಕೂತವರನ್ನು. ದನಿ ಇರುವವರು ಯಾರು, ಕುಣಿಯಬಲ್ಲವರು ಯಾರು, ಎರಡೂ ಇಲ್ಲದೆ ಬರೀ ಹುರುಪು ಇರುವವರು ಯಾರು? ಈ ಮೂರನೆಯವರೇ ಯಾವಾಗಲೂ ಹೆಚ್ಚು. ಹಿಂದೆಮುಂದೆ ನೋಡದೆ ವಂತಿಗೆ ಹಾಕುವವರೂ ಅವರೇ. ವೇಷದ ಬಾಡಿಗೆ, ಹಿಮ್ಮೇಳದವರ ಖರ್ಚು, ಮಾಸ್ತರರ ಗೌರವಧನ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸಿದರೆ ಆಕೆಯ ಸಂಭಾವನೆ, ಎಲ್ಲ ಪಾತ್ರಧಾರಿಗಳ ಜೇಬಿನಿಂದಲೇ ಬರಬೇಕು. ದುಡ್ಡು ಕೊಟ್ಟವನನ್ನು ಬೆಳಗಿನ ಜಾವದ ತನಕ ಕಿರೀಟ ಕಟ್ಟಿ ಕೂರಿಸಿ, ಎರಡು ಮಾತು ಆಡಿಸಿ ಇಳಿಸುವ ಪ್ರಸಂಗ ಎಷ್ಟೇ ಸೊಗಸಾಗಿರಲಿ, ನನ್ನ ಲೆಕ್ಕದಲ್ಲಿ ಸೋತದ್ದೇ. ಗಿರಿಜಾ ಕಲ್ಯಾಣದ ಕಥೆ ಚೆಂದ, ನಿಜ. ಆದರೆ ಶಿವ ತಪಸ್ಸಿಗೆ ಕೂತನೆಂದರೆ ಅರ್ಧ ಊರಿಗೆ ಕೆಲಸವಿಲ್ಲ.

ನನ್ನ ಓಟು ವಿರಾಟಪರ್ವಕ್ಕೆ. ಧರ್ಮರಾಯ ಕಂಕಭಟ್ಟನಾಗಿ ಪಗಡೆ ಹಾಸುತ್ತಾನೆ, ಭೀಮ ವಲಲನಾಗಿ ಒಲೆ ಮುಂದೆ ನಿಲ್ಲುತ್ತಾನೆ, ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸುತ್ತಾನೆ. ಬೇರೆ ಪ್ರಸಂಗಗಳಲ್ಲಿ ಅಣ್ಣಂದಿರ ಬೆನ್ನಿಗೆ ಸುಮ್ಮನೆ ನಿಲ್ಲುವ ನಕುಲ ಸಹದೇವರಿಗೂ ಇಲ್ಲಿ ಒಬ್ಬನಿಗೆ ಲಾಯ, ಇನ್ನೊಬ್ಬನಿಗೆ ದನದ ಹಟ್ಟಿ ಎಂದು ಸ್ವಂತ ಕಸುಬು. ಇದಕ್ಕೆಲ್ಲ ಮೆರುಗು ಕೊಡುವವನು ಸಾರಥಿ. ಬಯಲಾಟದಲ್ಲಿ ಅಟ್ಟ ಹತ್ತಿದ ಪ್ರತಿಯೊಬ್ಬರನ್ನೂ ಅವನು ‘ತಾವು ಯಾರು, ಬಂದ ಕಾರಣವೇನು’ ಎಂದು ವಿಚಾರಿಸಲೇಬೇಕು. ಮಿಕ್ಕ ಪ್ರಸಂಗಗಳಲ್ಲಿ ಅದು ಬರೀ ಶಿಷ್ಟಾಚಾರ. ವಿರಾಟನಗರದಲ್ಲಿ ಮಾತ್ರ ಆ ಪ್ರಶ್ನೆಗೆ ಹಲ್ಲು ಬರುತ್ತದೆ. ಯಾವ ಹೆಸರು ಹೇಳಬೇಕು? ಒಳ್ಳೆಯ ಸಾರಥಿ ಸಿಕ್ಕಿದರೆ ವಲಲನನ್ನು ಹಿಡಿದುಕೊಂಡು, ‘ಸಾರಿಗೆ ಹುಳಿ ಎಷ್ಟು, ಮುದ್ದೆಗೆ ನೀರೆಷ್ಟು’ ಎಂದು ಕೆಣಕಿ ಕೆಣಕಿ ಬೆವರಿಳಿಸುತ್ತಾನೆ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು ಕೀಚಕ. ಅವನು ಮೀಸೆ ತಿರುವಿಕೊಂಡು ಬಂದರೆ ಕೂತ ಮುದುಕಿಯರೂ ಸೆಟೆದು ಕೂರುತ್ತಾರೆ. ಅವನ ಹಿಂದೆ ಉಪಕೀಚಕರು. ಭಾರತದ ಪ್ರಕಾರ ನೂರಕ್ಕೂ ಹೆಚ್ಚು, ಊರಿನಲ್ಲಿ ಎಷ್ಟು ಹುಡುಗರಿದ್ದಾರೋ ಅಷ್ಟು. ಇಂಥ ಸಡಿಲ ಬೇರೆ ಯಾವ ಪ್ರಸಂಗದಲ್ಲಿದೆ? ಮೇಲಾಗಿ ಮಳೆ ಹೋದಾಗ ವಿರಾಟಪರ್ವ ಓದಿಸುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ತುಂಗಭದ್ರಾ ಕಾಲುವೆಯ ಕೆಳಗಿನವರು ಈ ಮಾತಿಗೆ ನಗುತ್ತಾರೆ, ಒಣಬೇಸಾಯದವರು ನಗುವುದಿಲ್ಲ.

ಎದುರು ಪಕ್ಷದವರದು ಯಾವತ್ತೂ ಒಂದೇ ಹಟ: ‘ರಕ್ತರಾತ್ರಿ’. ಕಂದಗಲ್ ಹನುಮಂತರಾಯರು ಕಂಪನಿ ರಂಗಭೂಮಿಗೆ ಬರೆದುಕೊಟ್ಟ ಈ ನಾಟಕವನ್ನು ಬಳ್ಳಾರಿ ಸೀಮೆಯ ಹಳ್ಳಿಗಳು ತಮ್ಮದೇ ಮಾಡಿಕೊಂಡಿವೆ. ಶಕುನಿಯ ಮಾತು ಕೇಳಲೆಂದೇ ಎತ್ತಿನ ಬಂಡಿ ಕಟ್ಟುತ್ತಿದ್ದವರಿದ್ದರು. ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ನೆನೆಸಿಕೊಂಡು ಈಗಲೂ ಕಣ್ಣೊರೆಸಿಕೊಳ್ಳುವವರಿದ್ದಾರೆ. ನನ್ನ ತಕರಾರು ನಾಟಕದ ಮೇಲಲ್ಲ. ಅದು ಮಾತಿನ ಮಲ್ಲರಿಗೆ ಬರೆದದ್ದು. ಉದ್ದುದ್ದ ಮಾತು ನುಂಗಿ, ಉಸಿರು ಹಿಡಿದು ಉಗುಳಬಲ್ಲ ನಾಲ್ವರು ಇಲ್ಲದ ಊರಿನಲ್ಲಿ ಅದನ್ನು ಹಿಡಿದರೆ ರಾತ್ರಿ ಬಹಳ ಉದ್ದವಾಗುತ್ತದೆ. ಕುರುಗೋಡಿನ ಕಡೆಯವರು ಒಮ್ಮೊಮ್ಮೆ ಕುಮಾರರಾಮನ ಕಥೆ ಎತ್ತುತ್ತಾರೆ. ಕಂಪಲಿ ಅವರಿಗೆ ಕೂಗಳತೆ, ಕೋಟೆಗುಡ್ಡ ಕಣ್ಣೆದುರಿಗೇ ಇದೆ; ಮಲತಾಯಿ ರತ್ನಾಜಿಯಂಥ ಪಾತ್ರ ಸಿಗುವುದಾದರೆ ಪರದೆ ಬೇರೆ ಬೇಕಿಲ್ಲ. ನನ್ನ ಎರಡನೆಯ ಓಟು ಅದಕ್ಕೆ.

ಗಮನಿಸಿ ನೋಡಿದರೆ ಬಾಳುವ ಪ್ರಸಂಗಗಳನ್ನೆಲ್ಲ ಹೊತ್ತವನು ನಾಯಕನಲ್ಲ, ಎದುರಾಳಿ. ಬಳ್ಳಾರಿ ನಗರಕ್ಕೆ ಇದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆ ಕಟ್ಟಿದರು, ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆ ಕಟ್ಟಿದರು. ಇಬ್ಬರೂ ವಕೀಲರು, ಇಬ್ಬರೂ ತಮ್ಮ ಸಭೆಗೆ ತಾವೇ ನಾಟಕ ಬರೆದವರು. ಅದೇ ಊರಿನ ಮತ್ತೊಬ್ಬ ವಕೀಲ ಬಳ್ಳಾರಿ ರಾಘವ (1880–1946) ಹೆಸರು ಮಾಡಿದ್ದು ಹಿರಣ್ಯಕಶಿಪುವಿನಿಂದ, ಪಠಾಣ ರುಸ್ತುಮನಿಂದ. ಪ್ರಹ್ಲಾದನನ್ನು ಆಡಿ ಊರು ಗೆದ್ದವರ ಹೆಸರು ನಾನಂತೂ ಕೇಳಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣನ ಮಗ ವಾರಕ್ಕೊಮ್ಮೆ ಗೆಳೆಯರೊಡನೆ ಮೇಜಿನ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾನೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಹೊರತಂದ ಆಟ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರವಾಗುತ್ತಾರೆ, ಆಗುಹೋಗು ದಾಳದ ಕೈಯಲ್ಲಿ. ವರ್ಷಗಟ್ಟಲೆ ನಡೆಯುವ ಸಿದ್ಧ ಕಥೆಗಳು ಪುಸ್ತಕವಾಗಿ ಸಿಗುತ್ತವೆ. ಯಾವುದನ್ನು ಹಿಡಿಯಲಿ ಎಂದು ಅವನು ಕೇಳಿದಾಗ ನಾನು ಕಟ್ಟೆಯ ಅಳತೆಗೋಲನ್ನೇ ಹಿಡಿದೆ. 1984ರ ‘ಮಾಸ್ಕ್ಸ್ ಆಫ್ ನ್ಯಾರ್ಲಥೊಟೆಪ್’ ಇಂಥದೇ ಇನ್ನೊಂದು ಆಟಕ್ಕೆ ಬರೆದದ್ದು. ನ್ಯೂಯಾರ್ಕಿನಿಂದ ಲಂಡನ್, ಕೈರೋ, ಶಾಂಘೈ ಎಂದು ಲೋಕವೆಲ್ಲ ಸುತ್ತಿಸುತ್ತದೆ. ಬಿಡುವು ಇರುವವರಿಗೆ ಸರಿ. 2016ರ ‘ಕರ್ಸ್ ಆಫ್ ಸ್ಟ್ರಾಡ್’ನಲ್ಲಿ ಕೋಟೆಯ ರಕ್ತಪಿಪಾಸು ದೊರೆ ಕೊನೆಯ ತನಕ ಅವಿತು ಕೂರುವುದಿಲ್ಲ, ಊಟಕ್ಕೆ ಕರೆಯುತ್ತಾನೆ. ಅವನನ್ನು ಕೊಲ್ಲುವ ಕತ್ತಿ ಎಲ್ಲಿದೆ ಎಂಬುದನ್ನು ಶಕುನದ ಎಲೆಗಳು ಹೇಳುತ್ತವೆ. ಒಂದೊಂದು ಗುಂಪಿಗೆ ಒಂದೊಂದು ಜಾಗ. ‘ಇದೇ ಹಿಡಿ, ಇವನು ಕೀಚಕನ ಜಾತಿ’ ಎಂದೆ. ಗೆಳೆಯರಲ್ಲಿ ಯಾರು ಹೆಚ್ಚು ಮಾತಾಡುವುದಿಲ್ಲ, ಅವನಿಗೆ ಇದರಲ್ಲಿ ಏನು ಕೆಲಸ ಎಂದು ಮೊದಲು ನೋಡು ಎಂದೂ ಹೇಳಿದೆ. ಅಂತ್ಯ ಮೊದಲೇ ಗೊತ್ತಿದ್ದರೆ ನಿಮಗೆ ಮಜಾ ಹೇಗೆ ಎಂದು ಅವನು ಕೇಳಿದ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ಊರೆಲ್ಲ ನಿದ್ದೆಗೆಡುತ್ತದೆ. ಎಷ್ಟು ಹೊತ್ತಿಗೆ, ಎಷ್ಟು ಸತಾಯಿಸಿ ಸಾಯುತ್ತಾನೆ ಎಂಬುದಷ್ಟೇ ಪ್ರಶ್ನೆ.

ಈ ವರ್ಷ ಓಟು ನನ್ನ ಕಡೆಗೆ ವಾಲಿದೆ. ಕೀಚಕನಿಗೆ ಮೂವರು ನಿಂತಿದ್ದಾರೆ, ಭೀಮನಿಗೆ ಇಬ್ಬರು. ಬೃಹನ್ನಳೆಯ ಸೀರೆ ಯಾರದು ಎಂಬುದೂ ಗೊತ್ತಾಗಿದೆ. ಹೆದರಿ ರಥದಿಂದ ಹಾರಿ ಓಡುವ ಉತ್ತರಕುಮಾರನಿಗೆ ಮಾತ್ರ ಯಾರೂ ಕೈ ಎತ್ತಿಲ್ಲ. ಇಡೀ ಪ್ರಸಂಗದಲ್ಲಿ ಅದಕ್ಕಿಂತ ಒಳ್ಳೆಯ ಪಾತ್ರ ಇಲ್ಲವೆಂದು ನಾನಾಗಿಯೇ ಯಾಕೆ ಹೇಳಲಿ? ಮಾಸ್ತರರು ಕೇಳುವ ತನಕ ಸುಮ್ಮನಿರುತ್ತೇನೆ.