ಊಟಿಯ ಮಂಜು, ಬ್ರಿಕ್‌ಫೀಲ್ಡ್ಸ್ ಗೋಡೆ

ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಮಂಜು ಎಂಬ ಪದಾರ್ಥವೇ ಇಲ್ಲ. ಸಂಜೆಯಾದರೆ ಗುಡುಗು, ಮಳೆ. ಸುಮಾತ್ರಾದ ಕಾಡು ಹೊತ್ತಿ ಉರಿದ ವರ್ಷಗಳಲ್ಲಿ ಮಂಜಿನ ವೇಷ ತೊಟ್ಟ ಹೊಗೆ. ಅದಕ್ಕೇ ಇರಬೇಕು, ನಮ್ಮ ಮನೆಗೆ ಬಂದವರೆಲ್ಲ ಮೊದಲು ಗೋಡೆ ನೋಡುತ್ತಾರೆ. ಅಲ್ಲಿರುವುದು ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರವೊಂದರ ಅಚ್ಚು. ಬೆಟ್ಟ ಅರ್ಧ ಮೋಡದೊಳಗೆ, ಇನ್ನರ್ಧ ಈಗಷ್ಟೇ ಮಿಂದೆದ್ದ ಹಾಗೆ.

ಪಕ್ಕದ ಮನೆಯ ಚೀನೀ ಅಂಕಲ್, "ಇದು ನಮ್ಮವರದ್ದೇ. ತಾತನ ಮನೆಯಲ್ಲಿ ಇಂಥದ್ದೇ ಇತ್ತು" ಎಂದರು. "ಮೈಸೂರಿನವರದ್ದು ಅಂಕಲ್" ಎಂದರೆ ನಂಬಲಿಲ್ಲ. ಕೆಳಮನೆಯ ತಮಿಳು ಅಕ್ಕ ಕನ್ನಡಕ ಏರಿಸಿಕೊಂಡು, ಯಾರೋ ಇಂಗ್ಲಿಷ್ ದೊರೆ ಬರೆದದ್ದು ಎಂದು ತೀರ್ಪಿತ್ತರು. ಇಬ್ಬರೂ ಪೂರ್ತಿ ತಪ್ಪಲ್ಲ.

ವೆಂಕಟಪ್ಪ (1886–1965) ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಆ ಗುರುವೋ, ಮೊದಲು ಇಟಲಿಯ ಗಿಲಾರ್ಡಿಯಿಂದ ಪಾಶ್ಚಾತ್ಯ ಪಾಠ ಹೇಳಿಸಿಕೊಂಡವರು. 1903ರಲ್ಲಿ ಜಪಾನಿನ ಯೊಕೊಯಾಮ ತೈಕಾನ್, ಹಿಶಿದ ಶುನ್ಸೊ ಕಲ್ಕತ್ತಕ್ಕೆ ಬಂದಾಗ ಅವರ ಕೈಚಳಕಕ್ಕೆ ಮನಸೋತವರು. ಗೆರೆ ಕೈಬಿಟ್ಟು ಬರೀ ಮಬ್ಬು ಬಳಿಯುತ್ತಾರೆಂದು ಈ ಇಬ್ಬರನ್ನು ಅವರ ಊರಿನವರೇ ಗೇಲಿ ಮಾಡಿದ್ದರು. ತಮಾಷೆಯೆಂದರೆ, ಆ ಮಬ್ಬಿಗೂ ಪಶ್ಚಿಮದ ಗಾಳಿ ಸೋಕಿತ್ತು: ಯುರೋಪಿನ ಚಿತ್ರಗಳಲ್ಲಿ ಕಾಣುವ ಬೆಳಕು, ಹವೆಗಳನ್ನು ಜಪಾನಿನ ಕುಂಚಕ್ಕೆ ತರಲು ಅವರು ಹೆಣಗಿದ್ದರು. ಕಲ್ಕತ್ತದವರು ಅಪ್ಪಟ ಪೂರ್ವವೆಂದು ಬರಮಾಡಿಕೊಂಡದ್ದು ಆಗಲೇ ಅರ್ಧ ಪಶ್ಚಿಮ!

ಅವನೀಂದ್ರರು ಇನ್ನೂ ಮುಂದೆ ಹೋದರು. ಬರೆದ ಚಿತ್ರವನ್ನು ಹಾಳೆಸಮೇತ ನೀರಿಗೆ ಅದ್ದುವುದು, ಆರಿಸಿ ಮತ್ತೆ ಬಣ್ಣ ಹಚ್ಚುವುದು, ಮತ್ತೆ ಅದ್ದುವುದು. ನಮ್ಮಮ್ಮ ಸಾದಾ ಹತ್ತಿ ಸೀರೆಯನ್ನೂ ಇಷ್ಟು ಧೈರ್ಯವಾಗಿ ನೆನೆಹಾಕಿದವಳಲ್ಲ. ತೇಲಿಹೋಗುವಷ್ಟು ಬಣ್ಣ ತೇಲಿಹೋಗಿ ಉಳಿದದ್ದು ಕಾಗದದೊಳಕ್ಕೆ ಇಳಿಯುತ್ತದೆ.

ವೆಂಕಟಪ್ಪ ಕಲ್ಕತ್ತದಲ್ಲಿ ಪುರಾಣದ ಚಿತ್ರಗಳನ್ನು ಬರೆದರು. 1926ರ ಊಟಿಯ ಚಿತ್ರಗಳಲ್ಲಿ ದೇವರೂ ಇಲ್ಲ, ಕಥೆಯೂ ಇಲ್ಲ. ಕಣ್ಣೆದುರಿನ ಬೆಟ್ಟ ಮಾತ್ರ. ದೂರದ್ದೆಲ್ಲ ಕರಗಿದರೂ ಹತ್ತಿರದ ಮರ ಕರಗುವುದಿಲ್ಲ. ಅಲ್ಲಿ ಅರಮನೆಯ ಚಿತ್ರಗಾರನ ಕೈ ಬಿಡುವಾಗಿ ಕೂತು ಕೆಲಸ ಮಾಡಿದೆ. ವೀಣೆ ಶೇಷಣ್ಣನವರಲ್ಲಿ ವೀಣೆಯ ಪಾಠ ಹೇಳಿಸಿಕೊಂಡ ಮನುಷ್ಯ. ಅವಸರದ ಪ್ರಶ್ನೆಯೇ ಇಲ್ಲ.

ಇದನ್ನೆಲ್ಲ ಕೇಳಿದ ಅಂಕಲ್ ಬಿಡಲಿಲ್ಲ. ಯಾಂಗ್ ಮುನ್ ಸೆನ್ ಹೆಸರು ತೆಗೆದರು. ಸರವಾಕ್‌ನಲ್ಲಿ 1896ರಲ್ಲಿ ಹುಟ್ಟಿ, ಪಿನಾಂಗ್‌ನಲ್ಲಿ ಫೋಟೊ ಸ್ಟುಡಿಯೊ ಇಟ್ಟು, ಚೀನೀ ಕುಂಚದ ಅಭ್ಯಾಸವನ್ನು ಇಂಗ್ಲಿಷ್ ಜಲವರ್ಣಕ್ಕೆ ಬಗ್ಗಿಸಿದವರು. ತೆಂಗು, ಕಡಲು, ದೋಣಿ. ಚೆಲುವಾದ ಚಿತ್ರಗಳು. ಆದರೂ ನನ್ನ ಓಟು ವೆಂಕಟಪ್ಪನವರಿಗೇ. ಊರಿನ ಅಭಿಮಾನ ಎನ್ನಿ.

ನಮ್ಮ ಬ್ರಿಕ್‌ಫೀಲ್ಡ್ಸ್ ಪೇಟೆಯೂ ಅಂಥದ್ದೇ ಬೆರಕೆ. 1881ರ ಬೆಂಕಿ, ನೆರೆಗಳ ನಂತರ ಕ್ವಾಲಾಲಂಪುರವನ್ನು ಇಟ್ಟಿಗೆಯಲ್ಲಿ ಕಟ್ಟಬೇಕೆಂದು ಬ್ರಿಟಿಷರು ಹೊರಡಿಸಿದ ಹುಕುಂ, ಚೀನೀಯರ ಮುಖಂಡನಾದ ಕಪಿತಾನನ ಇಟ್ಟಿಗೆಗೂಡು, ರೈಲ್ವೆಗೆ ದುಡಿಯಲು ಬಂದ ತಮಿಳರು. ಇದನ್ನು ಯಾರೂ ಸಂಗಮ ಎಂದು ಕರೆಯಲಿಲ್ಲ; ಅಗತ್ಯ ಬಿತ್ತು, ಆಯಿತು. ವೆಂಕಟಪ್ಪನವರ ಚಿತ್ರಕ್ಕೆ 'ಪೂರ್ವ-ಪಶ್ಚಿಮಗಳ ಸಂಗಮ' ಎಂಬ ಚೀಟಿ ಅಂಟಿಸುವುದೂ ವಿಮರ್ಶಕರ ಅನುಕೂಲಕ್ಕೆ. ಒದ್ದೆ ಬೆಟ್ಟ ಕಾಗದದ ಮೇಲೂ ಒದ್ದೆಯಾಗಿಯೇ ಕಾಣಬೇಕು. ಚಿತ್ರಕಾರನಿಗೆ ಬೇಕಾದದ್ದು ಅಷ್ಟೇ.

ನನ್ನ ಗೋಡೆಯ ಅಚ್ಚಿನಲ್ಲಿ ಆ ಒದ್ದೆಯ ಕಾಲುಭಾಗವೂ ಇಳಿದಿಲ್ಲ. ಮೂಲಚಿತ್ರಗಳು ಇರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಅವರ ಹೆಸರಿನದೇ ಚಿತ್ರಶಾಲೆಯಲ್ಲಿ. ಕಬ್ಬನ್ ಪಾರ್ಕಿಗೆ ವಾಕಿಂಗ್ ಹೋಗುವವರೇ, ಬಾಗಿಲು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಒಮ್ಮೆ ಒಳಗೆ ಹೋಗಿ ಬನ್ನಿ.