ಒಂದೇ ಸುಳಿ

ಈ ದಿನ ಬೆಳಗ್ಗೆ ಕಾಫಿ ಕುಡಿಯುತ್ತಿದ್ದ ಹೊತ್ತಿಗೆ ಸರಿಯಾಗಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ನನ್ನ ಸೋದರಳಿಯನಿಂದ ಮೊಬೈಲಿಗೆ ಒಂದು ಚಿತ್ರ ಬಂದಿತು. ಮನೆಯ ಮುಂದಿನ ಅಂಗಳದಲ್ಲಿ ಆಳೆತ್ತರವನ್ನು ದಾಟಿ ಬೆಳೆದ, ತಾಳೆಯ ಜಾತಿಗೆ ಸೇರಿದ ಒಂದು ಗಿಡ. ಅದರ ಗರಿಗಳನ್ನೆಲ್ಲ ಮೇಲಕ್ಕೆ ಸೇರಿಸಿ ಹಗ್ಗದಿಂದ ಜುಟ್ಟಿನಂತೆ ಬಿಗಿದು, ಬುಡದಿಂದ ತಲೆಯವರೆಗೆ ಹಳೆಯ ಕಂಬಳಿಗಳನ್ನು ಸುತ್ತಿ, ಒಳಗೆ ಸಣ್ಣ ಬಲ್ಬುಗಳ ಸರವೊಂದನ್ನು ಉರಿಸಿಟ್ಟಿದ್ದಾರೆ. "ಮಾವ, ನಾಳೆ ರಾತ್ರಿ ಇಲ್ಲಿ ನೀರು ಹೆಪ್ಪುಗಟ್ಟುವ ಚಳಿಯಂತೆ. ಇಷ್ಟು ಮಾಡಿದರೆ ಸಾಕೋ?" ಎಂದು ಕೆಳಗೆ ಬರೆದಿದ್ದ. ಚಿತ್ರವು ಜಗಲಿಯಲ್ಲಿ ಕೈಯಿಂದ ಕೈಗೆ ಹೋಯಿತು. ಮರಕ್ಕೆ ಕಂಬಳಿ ಹೊದೆಸುವ ಜನವೂ ಉಂಟೇ ಎಂದು ಒಬ್ಬರು ನಕ್ಕರೆ, ಅದಕ್ಕೊಂದು ಕಷಾಯವನ್ನೂ ಮಾಡಿಕೊಡಲಿ ಎಂದು ಇನ್ನೊಬ್ಬರು ನಕ್ಕರು. ಆ ನಗು ನನಗೆ ಹಿತವಾಗಲಿಲ್ಲ. ಕಾಫಿ ಆರಿಹೋದರೂ ಅಸಮಾಧಾನ ಆರಲಿಲ್ಲ.

ನಗುವುದಕ್ಕೆ ಅದರಲ್ಲಿ ಏನಿದೆ? ಮಳೆಗಾಲ ಕಳೆದ ಮೇಲೆ ಬಂಟ್ವಾಳ ತಾಲೂಕಿನ ಅಡಕೆ ತೋಟಗಳತ್ತ ಹೋಗಿ ನೋಡಿದರೆ, ನೈಋತ್ಯದ ಅಂಚಿನಲ್ಲಿ ನಿಂತ ಮರಗಳ ಕಾಂಡಕ್ಕೆ ಸುಣ್ಣ ಬಳಿದಿರುವುದನ್ನೂ, ಎಳೆಯ ಗಿಡಗಳ ಮೈಗೆ ಒಣಸೋಗೆಯನ್ನು ಸುತ್ತಿ ಬಳ್ಳಿಯಿಂದ ಕಟ್ಟಿರುವುದನ್ನೂ ಯಾರೂ ಕಾಣಬಹುದು. ಇಳಿಹೊತ್ತಿನ ಬಿಸಿಲು ಒಂದೇ ಮಗ್ಗುಲಿಗೆ ಬಡಿದಾಗ ಅಡಕೆ ಮರದ ಹಸುರು ಕಾಂಡವು ಮೊದಲು ಹೊಂಬಣ್ಣದ ಕಲೆಗೊಂಡು, ಆಮೇಲೆ ಕಂದಿ, ಸೀಳು ಬಿಟ್ಟು, ಮುಂದೊಂದು ಗಾಳಿಗೆ ಅಲ್ಲಿಗೇ ಮುರಿದು ಬೀಳುತ್ತದೆ. ಈ ಒಂದು ಕೇಡನ್ನು ತಪ್ಪಿಸುವುದಕ್ಕಾಗಿಯೇ ಸಾಲುಗಳನ್ನು ಉತ್ತರ-ದಕ್ಷಿಣ ರೇಖೆಯಿಂದ 35 ಡಿಗ್ರಿಯಷ್ಟು ಪಶ್ಚಿಮಕ್ಕೆ ಓರೆಯಾಗಿಸಿ ನೆಡಬೇಕೆಂಬ ವಿಧಿ ಹುಟ್ಟಿತು. 1956ರಲ್ಲಿ ಆರಂಭವಾಗಿ, 1970ರಲ್ಲಿ ಕಾಸರಗೋಡಿನ ತೋಟಬೆಳೆಗಳ ಸಂಶೋಧನಾಲಯದೊಡನೆ ಸೇರಿಹೋದ ವಿಟ್ಲದ ಅಡಕೆ ಸಂಶೋಧನಾ ಕೇಂದ್ರವು ಇಂದಿಗೂ ಕೃಷಿಕರಿಗೆ ಇಂತಹ ಮಾತುಗಳನ್ನೇ ಹೇಳುತ್ತಿದೆ. ಬಿಸಿಲಿಗೆ ಮರದ ಮೈ ಮುಚ್ಚುವವರು, ಚಳಿಗೆ ಮರದ ಮೈ ಮುಚ್ಚುವವರನ್ನು ಕಂಡು ನಗುವುದು ನ್ಯಾಯವಲ್ಲ.

ತಾಳೆಯ ಕುಲವು ಉಷ್ಣದೇಶದ್ದು, ಹಿಮ ಅದಕ್ಕೆ ಶತ್ರು, ತೆಂಗು ಕಂಗುಗಳು ಅಂತಹ ಚಳಿಯಲ್ಲಿ ಒಂದು ರಾತ್ರಿಯನ್ನೂ ಕಳೆಯಲಾರವು ಎಂಬುದೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ವಿಸ್ತರಿಸತಕ್ಕ ಅಗತ್ಯವಿಲ್ಲ. ಆ ಕುಲದಲ್ಲಿಯೂ ಚಳಿಗೆ ಜಗ್ಗದ ಕೆಲವು ವಂಶಗಳುಂಟು. ನಮ್ಮ ಕುಮಾವೂನಿನ ಬೆಟ್ಟಗಳಲ್ಲಿ, ಪಿಥೋರಾಗಢದ ಸಮೀಪದ ಥಲ್ ಕೇದಾರದ ಓರೆಗಳಲ್ಲಿ, ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲೆ, ಚಳಿಗಾಲದಲ್ಲಿ ಹಿಮ ಬೀಳುವ ಕಾಡಿನ ನಡುವೆ ಬೀಸಣಿಗೆಯಂಥ ಗರಿಗಳ ಒಂದು ತಾಳೆ ತಾನಾಗಿ ಬೆಳೆಯುತ್ತದೆ. ಇಟಲಿಯ ಸಸ್ಯವಿಜ್ಞಾನಿ ಬೆಕ್ಕಾರಿ 1905ರಲ್ಲಿ ಅದನ್ನು ವರ್ಣಿಸಿ ಹೆಸರಿಟ್ಟ. ಅದಕ್ಕೆ ಯಾರ ಕಂಬಳಿಯೂ ಬೇಕಾಗಿಲ್ಲ. ಕಂಬಳಿ ಬೇಕಾಗುವುದು, ಹ್ಯೂಸ್ಟನ್ನಿನಂತೆ ಹತ್ತು ಚಳಿಗಾಲಗಳು ಸುಮ್ಮನೆ ಕಳೆದು ಹನ್ನೊಂದನೆಯದು ಹಠಾತ್ತನೆ ಕೊರೆಯುವ ಊರುಗಳಲ್ಲಿ. 2021ರ ಫೆಬ್ರವರಿಯಲ್ಲಿ ಆ ನಗರದ ಉಷ್ಣಮಾನ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಕ್ಕೆ ಇಳಿದಾಗ, ಟೆಕ್ಸಾಸಿನಾದ್ಯಂತ ಲಕ್ಷಾಂತರ ಮನೆಗಳ ವಿದ್ಯುತ್ತು ನಿಂತುಹೋದದ್ದರಿಂದ, ಮರಗಳನ್ನು ಬೆಚ್ಚಗಿಡಲು ಸುತ್ತಿದ್ದ ದೀಪಗಳೂ ಆರಿಹೋದವು. ಬೀದಿಬೀದಿಗಳಲ್ಲಿ ಗರಿಗಳು ಕಂದಿ ಜೋತುಬಿದ್ದವು. ಬದುಕಿತೋ ಸತ್ತಿತೋ ಎಂಬುದನ್ನು ತಿಳಿಯಲು ಬೇಸಗೆಯವರೆಗೆ ಕಾಯಬೇಕಾಯಿತು.

ಕಾಯಬೇಕಾದ ಕಾರಣವೇ ನನ್ನ ಮನಸ್ಸನ್ನು ಎಂದಿನಿಂದಲೂ ಹಿಡಿದಿಟ್ಟ ವಿಷಯ. ಮಾವಿನ ಮರದ ಕೊಂಬೆ ಮುರಿದರೆ ಪಕ್ಕದಿಂದ ಚಿಗುರು ಬರುತ್ತದೆ; ಹಲಸನ್ನು ಬುಡಕ್ಕೆ ಕಡಿದರೂ ಕುತ್ತಿಯಿಂದ ಅದು ಮರಳಿ ಏಳುತ್ತದೆ. ಅಡಕೆಗೆ, ತೆಂಗಿಗೆ, ತಾಳೆಗೆ ಈ ಅನುಕೂಲವಿಲ್ಲ. ಅವುಗಳ ಬೆಳವಣಿಗೆಯೆಲ್ಲವೂ ನೆತ್ತಿಯಲ್ಲಿರುವ ಒಂದೇ ಒಂದು ಸುಳಿಯಲ್ಲಿ ಅಡಗಿದೆ. ಗರಿ ಹುಟ್ಟುವುದು ಅಲ್ಲಿಂದ, ಹಿಂಗಾರ ಮೂಡುವುದು ಆ ಗರಿಯ ಸಂದಿನಿಂದ. ಕಾಂಡವು ಒಮ್ಮೆ ಎಷ್ಟು ದಪ್ಪವೋ ಅಷ್ಟೇ. ಇತರ ಮರಗಳಂತೆ ವರ್ಷದಿಂದ ವರ್ಷಕ್ಕೆ ಸುತ್ತು ಹೆಚ್ಚಿಸಿಕೊಂಡು ಗಾಯವನ್ನು ಮುಚ್ಚಿಕೊಳ್ಳುವ ಪದರವು ಅದರಲ್ಲಿಲ್ಲ, ಆದ್ದರಿಂದಲೇ ಬಾಲ್ಯದಲ್ಲಿ ಬಿದ್ದ ಕತ್ತಿಯ ಗಾಯವು ಮರದ ಆಯುಷ್ಯ ಮುಗಿಯುವವರೆಗೂ ಬಾಯ್ದೆರೆದುಕೊಂಡೇ ಇರುತ್ತದೆ. ಅರುವತ್ತು ಅಡಿ ಎತ್ತರದ ಮರದ ಸಮಸ್ತ ಭವಿಷ್ಯವು ಅಂಗೈಯಗಲದ ಒಂದು ಮೆತುವಾದ ಬಿಳಿಯ ತಿರುಳಿನಲ್ಲಿ ನಿಂತಿದೆ. ಗರಿಯೆಲ್ಲ ಸುಟ್ಟುಹೋಗಲಿ, ಸುಳಿಯೊಂದು ಉಳಿದರೆ ಮರವೂ ಉಳಿಯಿತು. ಗರಿಯೆಲ್ಲ ಹಸುರಾಗಿರಲಿ, ಸುಳಿ ಹೋಯಿತೆಂದರೆ ನಾವು ನೋಡುತ್ತಿರುವುದು ಹೆಣವನ್ನು. ಹಸುರು ಆರುವುದಕ್ಕೆ ಇನ್ನು ಕೆಲವು ವಾರ ಬೇಕು, ಅಷ್ಟೆ.

ಬೆಳ್ತಂಗಡಿಯ ಕಡೆ, ಚಾರ್ಮಾಡಿಯ ಬೆಟ್ಟಗಳು ಕಾಣಿಸುವಷ್ಟು ಹತ್ತಿರದಲ್ಲಿದ್ದ ನಮ್ಮ ಬಂಧುಗಳ ತೋಟಕ್ಕೆ ಕೊನೆ ಕೊಯ್ಯಲು ಬರುತ್ತಿದ್ದ ವೃದ್ಧರೊಬ್ಬರು ನನಗೆ ನೆನಪಾಗುತ್ತಾರೆ. ಆಟಿಯ ಮಳೆಯ ನಡುವೆ ಒಂದು ದಿನ ಬಿಡುವು ಸಿಕ್ಕಿದಾಗ, ಗರಿ ಹಳದಿಯಾಗತೊಡಗಿದ್ದ ಎಳೆಯ ತೆಂಗೊಂದನ್ನು ಪರೀಕ್ಷಿಸಲು ಅವರನ್ನು ಕರೆಸಿದ್ದರು. ಕಾಲಿಗೆ ತಳೆ ಹಾಕಿಕೊಂಡು ಜಾರುವ ಮರವನ್ನು ಏರಿ, ಹಾಳೆಯ ಟೊಪ್ಪಿಯನ್ನು ಹಿಂದಕ್ಕೆ ಸರಿಸಿ, ನಡುವೆ ಈಟಿಯಂತೆ ನಿಂತಿದ್ದ ಇನ್ನೂ ಬಿಚ್ಚದ ಗರಿಯನ್ನು ಎರಡು ಬೆರಳುಗಳಿಂದ ಹಿಡಿದು ಅವರು ಮೆಲ್ಲನೆ ಮೇಲಕ್ಕೆಳೆದರು. ಅದು ಯಾವ ಪ್ರತಿರೋಧವನ್ನೂ ತೋರದೆ ಕೈಗೆ ಬಂದಿತು. ಬುಡದ ತುದಿಯನ್ನು ಮೂಗಿಗೆ ಹಿಡಿದರು. ಕೆಳಗೆ ನಿಂತಿದ್ದ ನಮಗೂ ಆ ಕೊಳೆತ ವಾಸನೆ ಇಳಿದು ಬಂದಿತು. ಕೊಳೆತ ಭಾಗವನ್ನೆಲ್ಲ ಚೂರಿಯಿಂದ ಕೆತ್ತಿ ತೆಗೆದು, ಮೈಲುತುತ್ತು ಮತ್ತು ಸುಣ್ಣವನ್ನು ಕಲಸಿದ ಮುಲಾಮನ್ನು ಗಾಯಕ್ಕೆ ಬಳಿದು, ಮಳೆನೀರು ಇಳಿಯದಂತೆ ನೆತ್ತಿಯ ಮೇಲೆ ಒಂದು ಮಣ್ಣಿನ ಮಡಕೆಯನ್ನು ಕವುಚಿ ಅವರು ಇಳಿದು ಬಂದರು. ಇನ್ನು ಸುಳಿಯ ಮನಸ್ಸು ಎಂದರು. ಹೊಸ ಗರಿಯ ಮೊನೆ ಕಾಣಿಸಿಕೊಳ್ಳುವವರೆಗೆ ಆ ತೆಂಗು ಮಡಕೆಯನ್ನು ಹೊತ್ತುಕೊಂಡೇ ನಿಂತಿತ್ತು, ಅದನ್ನು ನೋಡಿ ಮನೆಯವರಲ್ಲಿ ಯಾರಿಗೂ ನಗು ಬರಲಿಲ್ಲ.

ಚಳಿಗೆ ಸಿಕ್ಕಿದ ತಾಳೆಗೂ ಅಮೆರಿಕದವರು ಮಾಡುವ ಪರೀಕ್ಷೆ ಇದೇ. ಹಿಮದ ರಾತ್ರಿ ಕಳೆದು ದಿನಗಳಾದ ಮೇಲೆ ನಡುವಿನ ಗರಿಯನ್ನು ಮೆಲ್ಲನೆ ಎಳೆದು ನೋಡುತ್ತಾರೆ. ಗಟ್ಟಿಯಾಗಿ ನಿಂತರೆ ಆಸೆಯುಂಟು, ಕೈಗೆ ಬಂದರೆ ಒಳಗೆ ಕೊಳೆ ಹಿಡಿದಿದೆ ಎಂದು ಅರ್ಥ. ಜೀವಕೋಶಗಳೊಳಗಿನ ನೀರು ಗಡ್ಡೆಕಟ್ಟಿ ಅವುಗಳ ಪೊರೆಯನ್ನು ಹರಿಯುವುದು ಮೊದಲನೆಯ ಪೆಟ್ಟು. ಹಾಗೆ ಘಾಸಿಗೊಂಡ ಎಳೆಯ ಅಂಗಾಂಶಕ್ಕೆ ಬೂಷ್ಟು ಮತ್ತು ಬ್ಯಾಕ್ಟೀರಿಯಗಳು ನುಗ್ಗುವುದು ಎರಡನೆಯ ಪೆಟ್ಟು, ಮತ್ತು ಅನೇಕ ಮರಗಳನ್ನು ಕೊಲ್ಲುವುದು ಈ ಎರಡನೆಯದೇ. ಅದಕ್ಕೆ ಫ್ಲಾರಿಡಾದ ಕೃಷಿತಜ್ಞರು ಹೇಳುವ ಮದ್ದು ತಾಮ್ರದ ಔಷಧ: ಸುಳಿಯ ಮೇಲೆ ತಾಮ್ರದ ದ್ರಾವಣವನ್ನು ಸಿಂಪಡಿಸಬೇಕು. ಇದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಹಿಮವಿಲ್ಲದ ಈ ನಾಡಿನಲ್ಲಿ ಹಿಮದ ಕೆಲಸವನ್ನು ಕೊಳೆರೋಗವೇ ಮಾಡುತ್ತದೆ. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ ಮಿಲಾರ್ದೆ ಎಂಬ ವಿದ್ವಾಂಸ 1885ರಲ್ಲಿ ಪ್ರಕಟಿಸಿದ ತುತ್ತು-ಸುಣ್ಣದ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಅಡಕೆಯ ಕೊಳೆರೋಗದ ಮೇಲೆ ಪ್ರಯೋಗಿಸಿದವರು ಲೆಸ್ಲಿ ಕೋಲ್ಮನ್; ಆ ರೋಗವನ್ನು ಕುರಿತ ಅವರ ಗ್ರಂಥ 1910ರಲ್ಲಿ ಹೊರಬಿದ್ದಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ಮಳೆಗೆ ತೊಳೆದುಹೋಗದಂತೆ ಸ್ವಲ್ಪ ರಾಳ: ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಈ ಲೆಕ್ಕ ವಿಟ್ಲದ, ಪುತ್ತೂರಿನ, ವೇಣೂರಿನ ಮಕ್ಕಳಿಗೂ ಬಾಯಿಪಾಠ. ಒಂದೇ ನೀಲಿ ಔಷಧವು ಅಲ್ಲಿ ಚಳಿಯ ಗಾಯಕ್ಕೂ ಇಲ್ಲಿ ಮಳೆಯ ಕೊಳೆಗೂ ಒದಗುವುದನ್ನು ಕಂಡಾಗ, ತಾಳೆಯನ್ನು ನೆಟ್ಟವರೆಲ್ಲರೂ ಪರಸ್ಪರ ಬಂಧುಗಳೆಂದೇ ನನಗೆ ತೋರುತ್ತದೆ.

ಅಳಿಯನಿಗೆ ಹಾಗೆಯೇ ಬರೆದೆ: ಕಂಬಳಿ ಒದ್ದೆಯಾಗದಂತೆ ನೋಡಿಕೊ, ಬಿಸಿಲು ಬಂದೊಡನೆ ಬಿಚ್ಚು, ಗರಿ ಕಂದಿತೆಂದು ಅವಸರದಿಂದ ಕಡಿಯಬೇಡ, ಆ ಸತ್ತ ಗರಿಗಳೂ ಸುಳಿಗೆ ಮರೆಯಾಗಿ ನಿಲ್ಲುತ್ತವೆ.

ಬರೆದು ಮುಗಿಸಿದ ಮೇಲೂ ಮನಸ್ಸು ಆ ಗಿಡವನ್ನು ಬಿಟ್ಟುಬರಲಿಲ್ಲ. ಎಲ್ಲಿಂದ ಎಲ್ಲಿಯವರೆಗೆ ತಾಳೆ, ಎಲ್ಲಿಂದಾಚೆಗೆ ಇಲ್ಲ ಎಂದು ಯೋಚಿಸುತ್ತಿದ್ದಾಗ ರಘುವಂಶದ ನಾಲ್ಕನೆಯ ಸರ್ಗ ನೆನಪಿಗೆ ಬಂದಿತು. ರಘುವಿನ ದಿಗ್ವಿಜಯವನ್ನು ಕಾಳಿದಾಸನು ರಾಜರ ಹೆಸರುಗಳಿಂದ ಹೇಳಿದ್ದಕ್ಕಿಂತ ಮರಗಳಿಂದ ಹೇಳಿದ್ದೇ ಹೆಚ್ಚು. ಪೂರ್ವಸಮುದ್ರದ ದಡ ತಾಳೀವನಗಳಿಂದ ಕಪ್ಪಾಗಿದೆ. ದಕ್ಷಿಣಕ್ಕೆ ತಿರುಗಿದಾಗ ದಾರಿಯುದ್ದಕ್ಕೂ ಫಲಭರಿತವಾದ ಅಡಕೆ ಮರಗಳ ಸಾಲು. ಪಶ್ಚಿಮದ ಕರಾವಳಿಗೆ ಬಂದಾಗ ಗಾಳಿಗೆ ತೂಗುವ ರಾಜತಾಳೀವನದ ಸದ್ದನ್ನು ಕುದುರೆಗಳ ಕವಚದ ಸದ್ದು ಅಡಗಿಸಿಬಿಡುತ್ತದೆ. ಮುಂದೆ ಸೈನ್ಯವು ಹಿಮಾಲಯವನ್ನೇರಿದಾಗ ತಾಳೆಯ ಮಾತೇ ಇಲ್ಲ. ಅಲ್ಲಿ ಗಾಳಿಗೆ ಮರ್ಮರ ಮಾಡುವುದು ಭೂರ್ಜದ ಮರ. ಎರಡು ಎಲೆಗಳ ಎರಡು ಸದ್ದುಗಳ ನಡುವೆ ಕವಿಯು ಇಡೀ ಭಾರತದ ಹವೆಯನ್ನು ಅಳೆದಿದ್ದಾನೆ. ಅವನೇ ಕುಮಾರಸಂಭವದ ಆರಂಭದಲ್ಲಿ, ಹಿಮವಂತನ ಮೇಲೆ ವಿದ್ಯಾಧರ ಸ್ತ್ರೀಯರು ಭೂರ್ಜದ ತೊಗಟೆಯ ಮೇಲೆ ಪ್ರಣಯಪತ್ರ ಬರೆಯುವುದನ್ನು ವರ್ಣಿಸುತ್ತಾನೆ. ಚಳಿಯ ನಾಡು ತೊಗಟೆಯ ಮೇಲೆ ಬರೆಯಿತು, ಬೆಚ್ಚಗಿನ ನಾಡು ಗರಿಯ ಮೇಲೆ ಬರೆಯಿತು.

ಆದರೆ ಮರಕ್ಕೆ ಸಲ್ಲದ ಚಳಿ ಗರಿಗೆ ಸಲ್ಲುತ್ತದೆ. ನಮ್ಮ ದೇಶದ ಅತಿ ಪ್ರಾಚೀನವಾದ ತಾಳೆಗರಿಯ ಗ್ರಂಥಗಳಲ್ಲಿ ಅನೇಕವು ಉಳಿದಿರುವುದು ನೇಪಾಳದ ತಂಪಿನಲ್ಲಿ, ಸ್ಕಂದಪುರಾಣದ ಕ್ರಿ.ಶ. 810ರ ಪ್ರತಿಯೊಂದು ಕಾಠ್ಮಂಡುವಿನಲ್ಲಿದೆ. ಗರಿ ಬೆಳೆಯುವ ನಮ್ಮ ಕರಾವಳಿಯಲ್ಲಾದರೋ ಮಳೆ, ಬೂಷ್ಟು, ಗೆದ್ದಲು, ಹುಳು ಎಲ್ಲವೂ ಅದಕ್ಕೆ ವೈರಿಗಳು. ಹಾಗಿದ್ದೂ ಮೂಡುಬಿದಿರೆಯ ಗುರುಬಸದಿಯಲ್ಲಿ, ಧವಲ, ಜಯಧವಲಗಳೆಂಬ ಜೈನ ಗ್ರಂಥಗಳ ಹನ್ನೆರಡನೆಯ ಶತಮಾನದ ಪ್ರತಿಗಳು ಶ್ರೀತಾಳೆಯ ಗರಿಗಳ ಮೇಲೆ, ಹಳೆಯ ಕನ್ನಡದ ಲಿಪಿಯಲ್ಲಿ, ಬಣ್ಣದ ಚಿತ್ರಗಳೊಡನೆ ಇಂದಿಗೂ ಉಳಿದುಕೊಂಡಿವೆ. ವೀರಸೇನಾಚಾರ್ಯರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದ ಜಯಧವಲವಾಗಲಿ, ಅದಕ್ಕೆ ಮೊದಲಿನ ಧವಲವಾಗಲಿ, ಬೇರೆಲ್ಲಿಯೂ ಉಳಿಯದೆ ಈ ಒಂದೂರಿನಲ್ಲಿ ಉಳಿದವು. 1939ರಿಂದ ಹೀರಾಲಾಲ ಜೈನರು ಧವಲವನ್ನು ಅಚ್ಚುಹಾಕಿಸತೊಡಗುವವರೆಗೆ ಈ ಗರಿಗಳೇ ಅದರ ಮೂಲ ಆಶ್ರಯವಾಗಿದ್ದವು. ಸಾವಿರ ಕಂಬದ ಬಸದಿಯ ಶಿಲ್ಪವನ್ನು ನೋಡಲು ಬರುವವರ ಸಂಖ್ಯೆ ದೊಡ್ಡದು. ನನ್ನ ಅಭಿಪ್ರಾಯದಲ್ಲಿ ಮೂಡುಬಿದಿರೆಯ ಅದಕ್ಕಿಂತ ದೊಡ್ಡ ಆಶ್ಚರ್ಯ, ಎಂಟುನೂರಕ್ಕೂ ಮಿಕ್ಕಿ ಮಳೆಗಾಲಗಳನ್ನು ಒಣಗಿದ ಎಲೆಯೊಂದು ದಾಟಿ ಬಂದುದು. ಕಲ್ಲು ತಾನಾಗಿಯೇ ಉಳಿದೀತು. ಎಲೆ ಉಳಿಯಬೇಕಾದರೆ ಪ್ರತಿಯೊಂದು ತಲೆಮಾರಿನಲ್ಲಿಯೂ ಅದನ್ನು ಬಟ್ಟೆಯಲ್ಲಿ ಸುತ್ತಿಡುವ ಒಬ್ಬನಾದರೂ ಹುಟ್ಟಬೇಕು.

ಆ ಗರಿಯನ್ನು ಕೊಟ್ಟ ಶ್ರೀತಾಳೆಯೇ ಈಗ ನಮ್ಮ ಕಣ್ಣಮುಂದೆ ವಿರಳವಾಗುತ್ತಿದೆ. ಮೂವತ್ತರಿಂದ ಎಂಬತ್ತು ವರ್ಷ ಗರಿಯನ್ನಷ್ಟೇ ಬಿಟ್ಟು, ಜೀವಮಾನದಲ್ಲಿ ಒಂದೇ ಸಲ ನೆತ್ತಿಯಿಂದ ಇಪ್ಪತ್ತಡಿಯಷ್ಟು ಎತ್ತರದ ಹೂಗೊಂಚಲನ್ನು ತೆಗೆದು, ಸಾವಿರಾರು ಕಾಯಿಗಳನ್ನು ಬಲಿಸಿ ಅದು ಸಾಯುತ್ತದೆ. ಅದರ ಹೂವು ಊರಿಗೆ ಅಪಶಕುನವೆಂದು ನಂಬಿ, ಮೊಗ್ಗು ಕಾಣಿಸಿಕೊಳ್ಳುವ ಮೊದಲೇ ಕಡಿದುಹಾಕುವ ರೂಢಿ ನಮ್ಮ ಕರಾವಳಿಯಲ್ಲಿ ಬಹುಕಾಲದಿಂದ ಉಂಟು. ಹೂ ಬಿಡುವ ಮೊದಲು ಕಡಿದರೆ ಬೀಜವೆಲ್ಲಿ? ಆ ಒಂದು ಹೂವಿಗಾಗಿಯೇ ಅದು ತನ್ನ ಸುಳಿಯನ್ನು ಇಷ್ಟು ಕಾಲ ಕಾಯ್ದಿಟ್ಟುಕೊಂಡದ್ದು. ಇಂತಹ ಮರವುಳ್ಳವರು ಹಿಡಿದ ಕೊಡಲಿಯನ್ನು ಕೆಳಗಿಟ್ಟು, ಹೂವು ಕಾಯಾಗಿ ಬಲಿಯುವ ಒಂದೂವರೆ ವರ್ಷದ ಮಟ್ಟಿಗಾದರೂ ತಾಳಬೇಕೆಂದು ನಾನು ಕೈಮುಗಿದು ಬೇಡುತ್ತೇನೆ. ಬರೆಯುವ ಓಲೆಗೆ ಬಲಿತ ಗರಿ ಬರುವುದಿಲ್ಲ. ಇನ್ನೂ ಬಿಚ್ಚದೆ ಮಡಿಸಿಕೊಂಡಿರುವ ಎಳೆಯ ಗರಿಯೇ ಆಗಬೇಕು. ಅದನ್ನು ಇಳಿಸಿ, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿದ ಮೇಲೆ ಲೇಖನಿಯಾದ ಕಂಠವು ಅದರ ಮೇಲೆ ಓಡುತ್ತದೆ. ಧವಲದ ಗರಿಗಳನ್ನು ಇಳಿಸಿದವನು ಮರದ ನೆತ್ತಿಯಲ್ಲಿ ಕುಳಿತು ಎಳೆಗರಿಯನ್ನು ಕೊಯ್ದಾಗ, ಅದರ ಬುಡದಲ್ಲಿರುವ ಸುಳಿಗೆ ತಾಗದಂತೆ ಕತ್ತಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿತಿದ್ದಿರಬೇಕು. ಲಿಪಿಕಾರರ ಹೆಸರುಗಳನ್ನು ಗ್ರಂಥಗಳ ಕೊನೆಯಲ್ಲಿ ಬರೆದಿಡುವ ಪದ್ಧತಿ ಇತ್ತು. ಗರಿ ಇಳಿಸಿದವರ ಹೆಸರನ್ನೂ ಅದರ ಪಕ್ಕದಲ್ಲಿ ಒಂದು ಸಾಲಾಗಿ ಬರೆದಿಡಬೇಕಾಗಿತ್ತು.